ಹಂದಿ ಹುದ್ದೆಗೆ ನಿಂತ ಸೆನೆಟರು

ಎಲಿಫಲೆಟ್ ಥಾರ್ನ್‌ಡೈಕರ ಮನೆ ಬಾಗಿಲನ್ನು ಯಾರಾದರೂ ತಟ್ಟಿ ನಲವತ್ತು ದಿನಗಳಾಗಿದ್ದವು. ಆಗಷ್ಟೇ ಸ್ವತಂತ್ರವಾದ ಹೊಸ ದೇಶಕ್ಕೆ ಕಾನೂನು ಬರೆದವರು, ಪ್ಯಾರಿಸ್ಸಿಗೆ ರಾಯಭಾರಿಯಾಗಿ ಹೋದವರು, ಸೆನೆಟಿನಲ್ಲಿ ಹನ್ನೆರಡು ವರ್ಷ ಗುಡುಗಿದವರು. ಈಗ ಹೆಂಡತಿಯೂ ಇಲ್ಲ, ಅಧಿಕಾರವೂ ಇಲ್ಲ. ಬೀದಿಯಲ್ಲಿ ಎದುರಾದವರು ಟೋಪಿ ತೆಗೆದು, ಕೆಂಡ ತುಳಿದವರಂತೆ ಸರ‍್ರನೆ ಸರಿದುಬಿಡುತ್ತಿದ್ದರು. ಗೌರವ ಕೊಟ್ಟು ಮಾತಿಗೆ ಮಾತ್ರ ಜಿಪುಣತನ ಮಾಡುವ ಇಂಥ ಊರನ್ನು ನಾನಂತೂ ಬೇರೆ ಕಂಡಿಲ್ಲ.

ಅದಕ್ಕೇ ಊರ ಹುದ್ದೆಗಳನ್ನು ಹಂಚುವ ಮಾರ್ಚ್ ತಿಂಗಳ ಊರಸಭೆಯಲ್ಲಿ ಏನಾದರೊಂದು ಹುದ್ದೆ ಹಿಡಿಯಲೇಬೇಕೆಂದು ಅವರು ಹೊರಟರು.

“ಬೇಲಿ ತನಿಖೆ ಕೆಲಸ ನನಗಿರಲಿ.”

“ಛೆ ಛೆ! ನಿಮ್ಮಂಥೋರಿಗೆ ಬೇಲಿನಾ ಸ್ವಾಮಿ?” ಎಂದ ಸಭಾಧ್ಯಕ್ಷ, ಕಮ್ಮಾರ ಜೇಬೆಜ್.

ಕೊನೆಗೆ ಉಳಿದದ್ದು ಬೀದಿ ಹಂದಿಗಳನ್ನು ಹಿಡಿದು ದೊಡ್ಡಿಗೆ ತಳ್ಳುವ ಹುದ್ದೆ. ಹೊಸದಾಗಿ ಮದುವೆಯಾದವನ ತಲೆಗೆ ಅದನ್ನು ಕಟ್ಟಿ ನಗುವುದು ಊರಿನ ಪದ್ಧತಿ. ಆದರೆ ಹಂದಿ ಅಧಿಕಾರಿಯ ಮನೆಗೆ ದಿನಾ ಹತ್ತು ಜನ ಜಗಳ ಹೊತ್ತು ಬರುತ್ತಾರೆ. ಥಾರ್ನ್‌ಡೈಕರ ಬಾಯಲ್ಲಿ ನೀರೂರಿತು.

“ನನಗೆ ಕೊಡಿ!”

“ಮೊದಲು ಮದುವೆ ಆಗ್ಬನ್ನಿ ತಾತ!” ಹಿಂದಿನ ಬೆಂಚು ಕೂಗಿತು. ಸಭೆ ಬಿದ್ದೂ ಬಿದ್ದೂ ನಕ್ಕಿತು.

ಮಧ್ಯಾಹ್ನ ಎಲ್ಲರೂ ಬೀನ್ಸು, ಸೇಬಿನ ಸೈಡರ್ ಎಂದು ಊಟಕ್ಕೆ ಎದ್ದಾಗ, ಇವರು ನೆಟ್ಟಗೆ ಪಕ್ಕದ ಮನೆಯ ವಿಧವೆ ಥ್ಯಾಂಕ್‌ಫುಲ್ ವೀಲಕ್ ಬಳಿಗೆ ಹೋದರು.

“ನನ್ನ ಮದುವೆ ಆಗ್ತೀರಾ? ಇವತ್ತೇ ಆಗ್ಬೇಕು.”

ಆಕೆ ಕೆಂಪಾದಳು. “ಯಾಕಿಷ್ಟು ಅವಸರ?”

ಸೆನೆಟಿನಲ್ಲಿದ್ದೂ ಸುಳ್ಳು ಕಲಿಯದ ಮನುಷ್ಯ. “ಹಂದಿಗಳಿಗೋಸ್ಕರ” ಎಂದುಬಿಟ್ಟರು. ಬಾಗಿಲು ಅವರ ಮೂಗು ಸವರಿಕೊಂಡೇ ಮುಚ್ಚಿತು.

ಸಭೆಗೆ ಮರಳಿದ ಮುದುಕರು ಮತ್ತೆ ಎದ್ದು ನಿಂತರು. “ಊರಿನ ಸೇವೆಗೆ ನಾನು ಇಷ್ಟೂ ಲಾಯಕ್ಕಿಲ್ವಾ?” ಹಿಂದಿನ ಬೆಂಚಿನವರೇ ಮೊದಲು ಕೈ ಎತ್ತಿದರು. ಆಮೇಲೆ ಒಂದೊಂದಾಗಿ ಎಲ್ಲ ಕೈಗಳೂ ಅವರ ಪರ ಮೇಲೆದ್ದವು.

ಥಾರ್ನ್‌ಡೈಕರು ಹುಡುಗನಂತೆ ಮನೆಗೆ ಓಡಿದರು. ಕಸ ಗುಡಿಸಿ, ಒಲೆಯ ಮುಂದೆ ಆರು ಕುರ್ಚಿ ಹಾಕಿ, ಸೈಡರ್ ಹೂಜಿ ತುಂಬಿಸಿಟ್ಟರು. ಸಂಜೆಗೆ ಸರಿಯಾಗಿ ಬಾಗಿಲು ತಟ್ಟಿದ ಸದ್ದು!

“ಬಾ ಜೇಬೆಜ್, ಕೂತ್ಕೋ! ಯಾರ ಹಂದಿ? ಯಾರ ತೋಟಕ್ಕೆ ನುಗ್ತು?”

ಜೇಬೆಜ್ ಹೊಸ್ತಿಲು ದಾಟಲಿಲ್ಲ. ಟೋಪಿ ತೆಗೆದು ಎದೆಗೊತ್ತಿಕೊಂಡ.

“ಯಾರದೂ ಇಲ್ಲ ಸ್ವಾಮಿ. ದೇಶ ಕಟ್ಟಿದೋರು ನೀವು, ಹಂದಿ ಹಿಂದೆ ಓಡೋದು ಅಂದ್ರೇನು? ಊರೆಲ್ಲ ಸೇರಿ ಆಣೆ ಮಾಡಿದೀವಿ. ಒಂದು ಮರಿನೂ ಬಿಡದೆ ಎಲ್ಲಾನೂ ಕೂಡಿ ಹಾಕಿದೀವಿ. ಇನ್ನು ವರ್ಷಪೂರ್ತಿ ಒಬ್ಬರೂ ನಿಮ್ಮನೆ ಕಡೆ ತಲೆ ಹಾಕಲ್ಲ. ನೆಮ್ಮದಿಯಾಗಿರಿ.”

ಬಗ್ಗಿ ನಮಸ್ಕರಿಸಿ, ಸದ್ದಾಗದಂತೆ ತಾನೇ ಬಾಗಿಲೆಳೆದುಕೊಂಡು ಹೋದ.