ಹುಲ್ಲಿನಡಿಯ ನೇಗಿಲು

ರೂಬೆನ್ನನ ಗುಟ್ಟನ್ನು ಬಯಲು ಮಾಡಿದ್ದು ಕುದುರೆಗಳು. ಇಡೀ ಬೇಸಿಗೆ ಅವನ ಕಾರು ಅಪ್ಪನ ಕೊಟ್ಟಿಗೆಯಲ್ಲಿ ಒಣಹುಲ್ಲಿನ ರಾಶಿಯಡಿ ಹಾಯಾಗಿ ಮಲಗಿತ್ತು. ಈ ಭಾನುವಾರದ ಪ್ರಾರ್ಥನೆಯ ಸರದಿ ತಮ್ಮ ಮನೆಯದೇ, ಊರ ಗಾಡಿಗಳೆಲ್ಲ ಇಲ್ಲಿಗೇ ಬರುತ್ತವೆ, ಗಾಡಿಗೊಂದು ಕುದುರೆ, ಕುದುರೆಗೊಂದು ಹೊಟ್ಟೆ ಇರುತ್ತದೆ ಎಂಬುದು ಪಾಪ ಅವನಿಗೆ ಹೊಳೆದಿರಲಿಲ್ಲ.

ಕಾರು ನಿಷಿದ್ಧವೆಂದು ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಕ್ರೈಸ್ತರಲ್ಲಿ, ಹುಡುಗರು ದೀಕ್ಷಾಸ್ನಾನ ಪಡೆಯುವ ತನಕ ಏನು ಕುಣಿದರೂ ದೊಡ್ಡವರು ಕಂಡೂ ಕಾಣದಂತಿರುತ್ತಾರೆ. ದೀಕ್ಷೆಯ ನೀರು ತಲೆಗೆ ಬಿತ್ತೋ, ಮುಗಿಯಿತು. ಆಮೇಲೆ ಮಾತು ತಪ್ಪಿದವನ ಜೊತೆ ಹೆತ್ತ ತಾಯಿಯೂ ಒಂದೇ ಮೇಜಿನಲ್ಲಿ ಉಣ್ಣುವುದಿಲ್ಲ. ರೂಬೆನ್ನನಿಗೆ ಅಂದೇ ದೀಕ್ಷೆ. ದೀಕ್ಷೆ ಪಡೆದು ಸಭೆ ಸೇರದವನಿಗೆ ಮದುವೆಯಿಲ್ಲ, ಅವನಿಗೆ ಲವೀನಾ ಬೇಕು. ಅವಳದೂ ಅಂದೇ ದೀಕ್ಷೆ. "ಇನ್ನೊಂದು ವರ್ಷ ಕಾಯೋಕೆ ನನ್ನ ಕೈಲಾಗಲ್ಲ" ಎಂದು ಅವಳು ಹೇಳಿಬಿಟ್ಟಿದ್ದಳು. ಕಾರು ಕೊಳ್ಳುತ್ತೇನೆಂದ ಪೇಟೆಯವನು ಮಾತ್ರ ಶನಿವಾರ ಬಾರದೆ ಕೈಕೊಟ್ಟಿದ್ದ. ದೀಕ್ಷೆಯ ದಿನವೂ ಕಾರು ಇಟ್ಟುಕೊಂಡಿರುವುದು ಬಿಷಪ್ಪರ ಕಣ್ಣಿಗೆ ಬಿದ್ದರೆ ದೀಕ್ಷೆ ಮುಂದಿನ ವರ್ಷಕ್ಕೆ.

ಬೇಡವೆಂದರೂ ಎಲ್ಲರ ಕುದುರೆಗಳಿಗೆ ಹುಲ್ಲು ಹಾಕುವುದು ಪಕ್ಕದ ಹೊಲದ ಟೋಬಿಯಾಸ್ ಮಾವನ ಚಟ. ಅವರು ಕವೆಗೋಲು ಚುಚ್ಚಿದ ಕಡೆ ಠಣ್ ಎಂದಿತು.

"ಹಳೇ ನೇಗಿಲು, ಮಾವ," ಎಂದ ರೂಬೆನ್.

"ನೇಗಿಲಿಗೆ ಕನ್ನಡಿ ಯಾಕಪ್ಪಾ?"

ರೂಬೆನ್ ಟೋಪಿ ತೆಗೆದು ಕನ್ನಡಿಗೆ ತೊಡಿಸಿದ. "ಹಿಂದೆ ಬರೋ ಹಸು ನೋಡೋಕೆ."

"ನಿನ್ನ ವಯಸ್ಸಲ್ಲಿ ನಾನೂ ಇಂಥದೊಂದು ನೇಗಿಲು ಇಟ್ಟಿದ್ದೆ. ನೀಲಿದು," ಎಂದು ನಿಟ್ಟುಸಿರಿಟ್ಟ ಮಾವ, ಇನ್ನಷ್ಟು ಹುಲ್ಲೆತ್ತಿ ಬಾನೆಟ್ಟನ್ನೂ ಬಯಲಿಗೆಳೆದು ಹೋದರು.

ರೂಬೆನ್ ಓಡಿ ಹೋಗಿ ಗಾಡಿಗಳ ಕಂಬಳಿ ತಂದು ಹೊದಿಸಿದ. ಅಷ್ಟರಲ್ಲಿ ಬಿಷಪ್ ಈನಸ್ ಅವರೇ ಬಂದರು. ಅವರಿಗೆ ಕಣ್ಣು ಮಂಜು. ತಡಕಾಡಿ, ಕುದುರೆಯನ್ನು ಕಾರಿನ ಬಂಪರಿಗೇ ಕಟ್ಟಿ, "ನಿಮ್ಮಪ್ಪ ಗೂಟ ಚೆನ್ನಾಗಿ ಹೂಡಿದಾನೆ" ಎಂದು ಮೆಚ್ಚಿ ಒಳಗೆ ಹೋದರು.

ಕಾಪಾಡಿದವಳು ಲವೀನಾ. ಕುದುರೆಯನ್ನು ಬಿಚ್ಚಿ ಕಂಬಕ್ಕೆ ಕಟ್ಟಿದಳು. "ಹಿಂದಿನ ಬಾಗಿಲಿಂದ ಆಚೆ ತಳ್ಳೋಣ. ಕಾರಿನ ಮುಖ ರಸ್ತೆ ಕಡೆಗಿರಲಿ, ತಗೊಂಡು ಹೋಗೋರಿಗೆ ಸುಲಭ." ಇಬ್ಬರೂ ತಳ್ಳಿದರು. "ಕೀಲಿ ಇಲ್ಲಿ ಕೊಡು. ಮಂಡಿಯೂರಿದಾಗ ಜೇಬಿಂದ ಬಿದ್ರೆ ಏನು ಗತಿ?"

ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡು ರೂಬೆನ್ ಕೊಟ್ಟ.

ದೀಕ್ಷೆ ಹುಡುಗರಿಗೆ ಮೊದಲು, ಹುಡುಗಿಯರಿಗೆ ಆಮೇಲೆ. ಅದು ಅಜ್ಜಂದಿರ ಕಾಲದ ಕ್ರಮ. ನೀರು ರೂಬೆನ್ನನ ತಲೆಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯಿತು. ಬದುಕಿದೆ ಎನ್ನಿಸಿತು. ನೀರಿನ ಲೋಟ ಹುಡುಗಿಯರ ಸಾಲಿಗೆ ಹೋಯಿತು. ಬಿಷಪ್ಪರ ಹೆಂಡತಿ ಲವೀನಾಳ ಬಿಳಿ ಟೋಪಿ ತೆಗೆಯಲು ಕೈಹಾಕಿದರು. ಅವಳು ಆ ಕೈಯನ್ನು ಮೆಲ್ಲಗೆ ಹಿಡಿದಳು.

"ಬೇಡಮ್ಮಾ. ನನ್ನಿಂದ ಆಗಲ್ಲ."

ಎದ್ದವಳು ರೂಬೆನ್ನನ ಮುಂದೆ ನಿಂತಳು. "ನೀನೂ ಬರ್ತೀಯಾ?"

ಕೇಳುವುದಿದ್ದರೆ ಒಂದು ಲೋಟ ನೀರಿಗೆ ಮುಂಚೆ ಕೇಳಬಾರದಿತ್ತೇ. ಅವನು ಅಮ್ಮನ ಕಡೆ ನೋಡಿದ. ಅಮ್ಮ ನೆಲ ನೋಡುತ್ತಿದ್ದಳು. ಲವೀನಾ ಯಾವಾಗ ಬೇಕಾದರೂ ಬಂದು ತನ್ನ ತಾಯಿಯ ಮೇಜಿನಲ್ಲಿ ಉಣ್ಣಬಹುದು, ಅವಳು ಮಾತು ಕೊಟ್ಟವಳಲ್ಲ. ಅವನು ಕೊಟ್ಟು ಇನ್ನೂ ತಲೆ ಆರಿರಲಿಲ್ಲ.

ಹೊರಗೆ ಕಾರು ಒಂದು ಸಲ ಕೆಮ್ಮಿ ಹೊರಟಿತು. ಜೋಳದ ಹೊಲದ ದಾರಿಯಲ್ಲಿ ಅವಳಿಗೆ ಗೇರ್ ಹಾಕಲು ಕಲಿಸಿದವನು ಅವನೇ.

ಪ್ರಾರ್ಥನೆ ಮುಗಿದ ಮೇಲೆ ಅವನು ಕೊಟ್ಟಿಗೆಯ ಹಿಂದೆ ಹೋಗಿ ನಿಂತ. ಅವನ ಟೋಪಿಯನ್ನು ಬೇಲಿಗೂಟಕ್ಕೆ ನೀಟಾಗಿ ಸಿಕ್ಕಿಸಿ ಹೋಗಿದ್ದಳು. ಟೋಬಿಯಾಸ್ ಮಾವ ಬಂದು ಅದನ್ನು ತೆಗೆದು ಧೂಳು ಕೊಡವಿ ಅವನ ತಲೆಗಿಟ್ಟರು.

"ಬಾ, ಊಟಕ್ಕೆ ಕರೀತಿದಾರೆ. ನನ್ನ ನೀಲಿ ನೇಗಿಲೂ ಹಿಂಗೇ ಹೋಯ್ತು ಕಣಪ್ಪಾ," ಎಂದರು ರಸ್ತೆ ನೋಡುತ್ತಾ. "ಅದರಲ್ಲಿ ಹೋದೋಳು ನಿಮ್ಮತ್ತೆ ಅಲ್ಲ."