ಇದಕ್ಕಿಂತ ಭಯದ ಬೋರ್ಡು ಇದೆಯಾ?

ನಮ್ಮ ಮಾವನವರಷ್ಟು ಪುಕ್ಕಲು ಮನುಷ್ಯರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೂ ಅವರು ಹೆದರಿ ಮನೆಯಿಂದಾಚೆ ಕಾಲಿಟ್ಟಿಲ್ಲವಾದ್ದರಿಂದ ನಮಗೆ ಗೊತ್ತಾಗಿಲ್ಲ! ಮಾವ ಎಂದರೆ ನನ್ನ ಗಂಡನ ತಂದೆ. ಬಸ್ಸಿನ ಡ್ರೈವರ್ ಆಕಳಿಸಿದರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ. ನಾನು ಕುಕ್ಕರ್ ಇಟ್ಟರೆ ಮೊದಲ ವಿಷಲ್‌ಗೆ ಹಜಾರದಿಂದ ಜಗಲಿಗೆ, ಎರಡನೆಯದಕ್ಕೆ ಜಗಲಿಯಿಂದ ಬೀದಿಗೆ. ಮೂರನೆಯದು ಕೂಗುವ ಹೊತ್ತಿಗೆ ಎದುರುಮನೆಯವರ ಜೊತೆ ಲೋಕಾಭಿರಾಮ ಮಾತಾಡುತ್ತಿರುತ್ತಾರೆ. ಬೇಳೆ ಬೆಂದಿದೆಯೋ ಇಲ್ಲವೋ ಎಂಬುದನ್ನು ನಾನು ಮಾವ ಎಲ್ಲಿದ್ದಾರೆ ಎಂದು ನೋಡಿಯೇ ಹೇಳಬಲ್ಲೆ.

ಇಂಥವರು ಕೆಲಸ ಮಾಡುವುದು ಎಲ್ಲಿ ಅಂತೀರಿ? ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ! ಅದೂ ಎಂಥ ಕೆಲಸ? ಆಸಿಡ್ ಕ್ಯಾನು, ಕಾಸ್ಟಿಕ್ ಸೋಡಾ ಮೂಟೆ, ಪೆರಾಕ್ಸೈಡ್ ಡ್ರಮ್ಮು ಇರುವ ಸ್ಟೋರಿನ ಕಾವಲು! ಸಾಹುಕಾರರನ್ನು ಕೇಳಿದರೆ, "ಹೆದರೋ ಮನುಷ್ಯ ಬೀಗ ಹಾಕೋದು ಮರೆಯಲ್ಲಮ್ಮ" ಎಂದು ನಕ್ಕರು. ಅವರ ಲೆಕ್ಕಾಚಾರ ತಪ್ಪಲ್ಲ. ಮಾವ ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟ್ಯಾಂಡಿನವರೆಗೆ ಬಂದು, ಮತ್ತೆ ವಾಪಸು ಹೋಗಿ ಜಗ್ಗುತ್ತಾರೆ.

ಆದರೆ ಕಾರ್ಖಾನೆಯಲ್ಲಿ ಅವರೊಬ್ಬರು ಹೆದರಿದರೆ ಸಾಕೇ? ಉಳಿದವರಿಗೆ ಭಯದ ಗಂಧವೇ ಇಲ್ಲ. ನೂಲು ಅದ್ದುವ ರತ್ನಮ್ಮ ಕಾಸ್ಟಿಕ್ಕನ್ನು ಬರಿಗೈಯಲ್ಲಿ, ಕಲ್ಲುಪ್ಪು ತೆಗೆದುಕೊಂಡ ಹಾಗೆ ತೆಗೆದುಕೊಳ್ಳುತ್ತಾಳೆ. ಇನ್ಯಾರೋ ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿಕೊಂಡು ಹೋಗುತ್ತಾರೆ. ಸಾಹುಕಾರರು ಕೊಡಿಸಿದ ಗ್ಲೌಸುಗಳು ಮೊಳೆಗೆ ನೇತುಹಾಕಿದಲ್ಲೇ ಹೊಸದಾಗಿಯೇ ಉಳಿದಿವೆ. ಕೇಳಿದರೆ, "ಏನೂ ಆಗಲ್ಲ ಬುಡಣ್ಣೋ" ಎಂಬ ಒಂದೇ ಮಂತ್ರ. ಆಸಿಡ್ಡೋ ಕಾಸ್ಟಿಕ್ಕೋ ಒಂದು ಹನಿ ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ ಎಂದು ಮಾವ ಹೇಳಿ ಹೇಳಿ ಅವರ ಗಂಟಲು ಹೋಯಿತೇ ಹೊರತು ಯಾರ ಧೈರ್ಯವೂ ಹೋಗಲಿಲ್ಲ.

ಹೀಗಿರುವಾಗ ತಪಾಸಣೆಯವರು ಬರುತ್ತಾರೆಂದು ಸಾಹುಕಾರರು ಎಚ್ಚರಿಕೆಯ ಬೋರ್ಡುಗಳನ್ನು ತರಲು ಮಾವನಿಗೆ ಹೇಳಿದರು. ಮಾವನ ಮುಖದಲ್ಲಿ ಅಂಥ ಕಳೆ ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ! ಬೋರ್ಡು ಆರಿಸಲು ಜೊತೆಗೆ ನಾನೂ ಬೆಂಗಳೂರಿಗೆ ಹೋಗಬೇಕಾಯಿತು.

ಅಂಗಡಿಯವನು ತಲೆಬುರುಡೆಯ ಬೋರ್ಡು ತೆಗೆದ. ಮಾವ ಅದನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು, ನಮ್ಮೂರ ಹೆಂಗಸರು ಸೀರೆಯ ಅಂಚು ನೋಡುವಂತೆ ನೋಡಿದರು.

"ಇದಕ್ಕಿಂತ ಭಯದ್ದು ಇಲ್ವೇನಪ್ಪಾ?"

"ಸಾರ್, ತಲೆಬುರುಡೆಗಿಂತ ಭಯದ್ದು ಎಲ್ಲಿಂದ ತರ್ಲಿ?"

"ಇದು ನಗ್ತಾ ಇದೆಯಲ್ಲಪ್ಪಾ! ಹಲ್ಲು ನೋಡು."

ನೋಡಿದೆವು. ನಿಜಕ್ಕೂ ನಗುತ್ತಿತ್ತು! ಅಂಗಡಿಯವನು ಬೆಂಕಿಯ ಬೋರ್ಡು ತೆಗೆದ, ಸಿಡಿಯುವ ಬೋರ್ಡು ತೆಗೆದ, ಕೈಯ ಮೇಲೆ ಆಸಿಡ್ ತೊಟ್ಟಿಕ್ಕುವ ಬೋರ್ಡು ತೆಗೆದ. ಮಾವ ಒಂದೊಂದನ್ನೂ ನನ್ನ ಮುಖದೆದುರು ಹಿಡಿದು, "ಏನಮ್ಮ, ಎದೆ ಝಲ್ ಅಂತಾ?" ಎಂದು ಕೇಳುವುದು, ನಾನು ಇಲ್ಲ ಅನ್ನುವುದು. ಕೊನೆಗೆ ಅಂಗಡಿಯವನ ಕಣ್ಣಲ್ಲಿ ನೀರು ಕಂಡಿದ್ದರಿಂದ ಎಲ್ಲ ಜಾತಿಯವನ್ನೂ ಒಂದೊಂದು ಕಟ್ಟಿಸಿಕೊಂಡು ಬಂದೆವು.

ಕಾರ್ಖಾನೆಗೆ ಹೋಗುವ ಮೊದಲು ಮನೆಯಲ್ಲಿ ಪರೀಕ್ಷೆ. ಮುದ್ದೆ ತಿರುವುತ್ತಿದ್ದ ನಮ್ಮತ್ತೆಯ ಮುಂದೆ ಮಾವ ಬೋರ್ಡು ಹಿಡಿದು ನಿಂತರು. ಬೆಂಕಿಯದಕ್ಕೆ ಅತ್ತೆ, "ಯಾವುದೋ ಪಕ್ಷದ್ದಾ? ಎಲೆಕ್ಷನ್ ಬಂತಾ?" ಎಂದರು. ಕೈಯ ಮೇಲೆ ಆಸಿಡ್ ತೊಟ್ಟಿಕ್ಕುವುದನ್ನು ತೋರಿಸಿದಾಗ, "ಇದು ಗೊತ್ತು ಬಿಡಿ. ಇಲ್ಲಿ ಕೈ ತೊಳ್ಕೊಳ್ಳಿ ಅಂತ" ಎಂದರು.

ನಾನು ಬಿದ್ದುಬಿದ್ದು ನಕ್ಕೆ. ಮಾವ ನಗಲಿಲ್ಲ. ಬೋರ್ಡು ಹಿಡಿದಲ್ಲೇ ಬೆವತುಬಿಟ್ಟರು. "ಲೇ, ರತ್ನಮ್ಮನೂ ಹಂಗೇ ಅಂದ್ಕೊಂಡ್ರೆ ಏನೇ ಗತಿ?" ಎಂದರು. ನನ್ನ ನಗು ಅರ್ಧಕ್ಕೇ ನಿಂತಿತು.

ಮಾರನೆಯ ದಿನ ಪ್ರತಿ ಬೋರ್ಡಿನ ಕೆಳಗೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ವಿವರ ಬರೆಸಿ ಹಾಕಿದರು. ಪ್ರಯೋಜನ? ಸ್ಟೋರಿನ ಬಾಗಿಲಿಗೆ ಹೊಡೆದ ತಲೆಬುರುಡೆಗೆ ಮೂರೇ ದಿನಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಕಾರ್ಖಾನೆಗೆ ದೃಷ್ಟಿಬೊಂಬೆ ತಂದಿದ್ದಾರೆಂದು ಎಲ್ಲರಿಗೂ ಸಂತೋಷ! ಹೆದರುವುದಿರಲಿ, ಅದರ ಕೆಳಗೆ ನಿಂತರೆ ಕೆಟ್ಟ ಕಣ್ಣು ತಾಗುವುದಿಲ್ಲವೆಂದು ಅಲ್ಲೇ ನಿಂತು ಬೀಡಿ ಸೇದತೊಡಗಿದರು. ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರಂತೂ ನಮ್ಮ ಮನೆಗೇ ಬಂದು, "ಅಣ್ಣಾ, ಆ ಬುರುಡೆ ಇನ್ನೊಂದು ಸಿಗುತ್ತಾ? ಒಳ್ಳೆ ಪವರ್ ಇದೆಯಂತೆ" ಎಂದು ಕೇಳಿದರು.

ಆಗ ಮಾವನಿಗೆ ಹೊಳೆದದ್ದು ದೇವರು. ಗೋಡೆಗೆ ಉಚ್ಚೆ ಹೊಯ್ಯದಿರಲೆಂದು ದೇವರ ಟೈಲ್ಸ್ ಅಂಟಿಸುತ್ತಾರಲ್ಲ, ಹಾಗೆ! ನಮ್ಮ ಜನ ಯಮನಿಗೆ ಹೆದರದಿದ್ದರೂ ಅಮ್ಮನಿಗೆ ಹೆದರುತ್ತಾರೆಂದು ನಾಲಿಗೆ ಚಾಚಿದ ಉಗ್ರ ದೇವಿಯ ಪಟವೊಂದನ್ನು ತಂದು ಪೆರಾಕ್ಸೈಡ್ ಡ್ರಮ್ಮಿನ ಮೇಲೆ ಅಂಟಿಸಿದರು. ಎರಡು ದಿನ ಯಾರೂ ಡ್ರಮ್ಮಿನ ಹತ್ತಿರ ಸುಳಿಯಲಿಲ್ಲ. ಮಾವ ಮನೆಗೆ ಬಂದು ಹೊಟ್ಟೆ ತುಂಬ ಉಂಡರು.

ಮೂರನೆಯ ದಿನ ಶುಕ್ರವಾರ. ಬೆಳಗ್ಗೆ ಮಾವ ಸ್ಟೋರಿಗೆ ಹೋಗಿ ನೋಡುತ್ತಾರೆ, ಡ್ರಮ್ಮಿಗೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ! ರತ್ನಮ್ಮ ಕಣ್ಣು ಮುಚ್ಚಿಕೊಂಡು, ಅದರ ಪಕ್ಕದಲ್ಲೇ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಎತ್ತುತ್ತಿದ್ದಾಳೆ! ಪೆರಾಕ್ಸೈಡ್ ಎಂದರೆ ಸುಮ್ಮನಿದ್ದ ಬೆಂಕಿಯನ್ನೂ ರೇಗಿಸುವ ವಸ್ತು. ಮಾವ ಕೂಗಲೂ ಆಗದೆ, ಓಡಲೂ ಆಗದೆ, ಕೈಗೆ ಸಿಕ್ಕಿದ ಬಕೆಟ್ ನೀರನ್ನು ಮಂಗಳಾರತಿಯ ಮೇಲೆ, ದೇವಿಯ ಮೇಲೆ, ರತ್ನಮ್ಮನ ಮೇಲೆ ಒಟ್ಟಿಗೇ ಸುರಿದರು. ಕಾರ್ಖಾನೆ ಉಳಿಯಿತು. ಆದರೆ ಮಾವನ ಭಯ ಒಂದಿದ್ದದ್ದು ಎರಡಾಯಿತು! ದೇವಿಗೆ ನೀರೆರಚಿದ್ದಕ್ಕೆ ತಪ್ಪುಕಾಣಿಕೆ ಕಟ್ಟಿ, ಪಟ ತೆಗೆದು, ವಾರವೆಲ್ಲ ದೇವಸ್ಥಾನ ಸುತ್ತಿದರು. ಅತ್ತೆ ಮಾತ್ರ, "ಆಸಿಡ್ಡಿಗಾದ್ರೆ ಬೋರ್ಡ್ ಹಾಕ್ಬೋದು. ನಿಮ್ಮ ಬುದ್ಧಿಗೆ ಏನು ಹಾಕೋಣ?" ಎಂದರು.

ಇಲ್ಲಿಯವರೆಗೆ ನಾವೆಲ್ಲ ನಗುತ್ತಲೇ ಇದ್ದೆವು. ಆಮೇಲೆ ಒಂದು ಮಧ್ಯಾಹ್ನ ರತ್ನಮ್ಮ ಎಂದಿನಂತೆ ಬರಿಗೈಯಲ್ಲಿ ಕಾಸ್ಟಿಕ್ ತೆಗೆದು ನೀರಿಗೆ ಸುರಿದಾಗ ಅದು ಕುದಿದು ಮುಖಕ್ಕೆ ಹಾರಿತು. ನಲ್ಲಿಯ ಕೆಳಗೆ ಅವಳ ತಲೆಯನ್ನು ಹಿಡಿದು ನೀರು ಬಿಟ್ಟವರು ಮಾವ. ಆಸ್ಪತ್ರೆಗೂ ಅವರೇ ಕರೆದುಕೊಂಡು ಹೋದರು. ಕೆನ್ನೆಯ ಮೇಲೆ ಸುಟ್ಟ ಕಲೆ ಉಳಿಯಿತು. ಇನ್ನೊಂದು ಬೆರಳಷ್ಟು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಆ ದಿನ ಮಾವ ಮುದ್ದೆ ಮುಟ್ಟಲಿಲ್ಲ. ಕುಕ್ಕರ್ ಕೂಗಿದರೂ ಕೂತಲ್ಲಿಂದ ಏಳಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೆಯ ಬೆಳಗ್ಗೆ ಅವರು ಮನೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತುಕೊಂಡು ಹೋದರು. ಸ್ಟೋರಿನ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. ಬೋರ್ಡುಗಳಿಂದ ಆಗದ್ದು ಅದರಿಂದ ಆಯಿತು! ನಮ್ಮ ಜನ ಸಾವಿಗಾದರೂ ಹೆದರದೆ ಇದ್ದಾರು, ವಯಸ್ಸಾದವರ ದಾಕ್ಷಿಣ್ಯ ಮೀರಲಾರರು. ಗಾಯ ಮಾಗಿ ಕೆಲಸಕ್ಕೆ ಬಂದ ರತ್ನಮ್ಮನೇ ನನಗೆ ಹೇಳಿದಳು: "ಆವಯ್ಯ ಅಲ್ಲಿ ಕೂತ್ಕಂಡು ಮುಖ ಸಣ್ಣಗೆ ಮಾಡ್ಕಂಡು ನೋಡ್ತದೆ ಕಣಮ್ಮ. ಬರಿಗೈಲಿ ಹೋಗಕ್ಕೆ ಮನಸೇ ಬರಲ್ಲ."

ಮೊನ್ನೆ ಊಟದ ಡಬ್ಬಿ ತೆಗೆದುಕೊಂಡು ನಾನೇ ಹೋಗಿದ್ದೆ. ಮಾವ, "ಕೈಕಾಲು ತೊಳ್ಕೊಂಡು ಬರ್ತೀನಿ, ಅಲ್ಲೀವರೆಗೂ ನೀನು ಕೂತಿರಮ್ಮ. ಬರಿಗೈಲಿ ಯಾರ್ನೂ ಒಳಗೆ ಬಿಡಬೇಡ" ಎಂದು ಎದ್ದರು. ಅದೇನು ಮಹಾ ಎಂದು ಕೂತೆ.

ಕೂತ ಮೇಲೆ ಕಂಡಿತು. ಆ ಕುರ್ಚಿಯಿಂದ ಕಾಣುವುದೆಲ್ಲ ಬರೀ ಕೈಗಳು, ಬರೀ ಕಣ್ಣುಗಳು. ಒಬ್ಬ ಬಿಸಿ ಬಣ್ಣದ ಬಕೆಟ್ ಹಿಡಿದು ಬರಿಗಾಲಲ್ಲಿ ಹೋದ. ಕಿಟಕಿಯ ಕಟ್ಟೆಯ ಮೇಲೆ ನೀರಿನ ಬಾಟಲಿಯೊಂದಿತ್ತು. ಇನ್ನೊಬ್ಬ ನಡೆದು ಬರುತ್ತಲೇ ಅದಕ್ಕೆ ಕೈ ಚಾಚಿದ. ಅದರಲ್ಲಿರುವುದು ನೀರೋ, ಸ್ಟೋರಿನಿಂದ ಬಗ್ಗಿಸಿಕೊಂಡ ಆಸಿಡ್ಡೋ? ನನ್ನ ಬಾಯಿಂದ ಮಾತು ಹೊರಡುವುದರೊಳಗೆ ಗಟಗಟ ಕುಡಿದ. ನೀರೇ ಆಗಿತ್ತು. ಆಮೇಲೆ ರತ್ನಮ್ಮ ಮಗ್ಗು ಹಿಡಿದು ಬಂದಳು, ಮಾವ ಇಲ್ಲದ್ದು ನೋಡಿ, ಬರಿಗೈಯಲ್ಲಿ!

"ಗ್ಲೌಸ್ ಎಲ್ಲಿ ರತ್ನಮ್ಮಾ!" ಎಂದು ನಾನು ಕಿರುಚಿದ ಸದ್ದಿಗೆ ನೂಲು ಸುತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಅಯ್ಯೋ, ಥೇಟು ನಿಮ್ಮ ಮಾವನೇ ಆಗೋದ್ರಲ್ಲಮ್ಮ!" ಎಂದು ನಗುತ್ತ ಅವಳು ಗ್ಲೌಸಿಗೆ ಹೋದಳು.

ಮಾವ ವಾಪಸು ಬಂದರು. ನನಗೆ ಏಳಲು ಆಗಲಿಲ್ಲ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ, ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ಮೊದಮೊದ್ಲು ಹಂಗೇ ಕಣಮ್ಮ. ಆಮೇಲೆ ಅಭ್ಯಾಸ ಆಗುತ್ತೆ."

"ಭಯ ಹೋಗುತ್ತಾ ಮಾವ?"

"ಭಯ ಎಲ್ಲಿ ಹೋಗುತ್ತೆ? ನಡುಗೋದು ನಿಲ್ಲುತ್ತೆ ಅಷ್ಟೆ" ಎಂದು ಊಟದ ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಅವರ ಕೈಯಲ್ಲಿ ಡಬ್ಬಿಯ ಮುಚ್ಚಳ ಗಡಗಡ ಅನ್ನುತ್ತಿತ್ತು. ನಾನು ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದುಕೊಟ್ಟೆ. ಅವರು ಉಂಡು ಮುಗಿಸುವವರೆಗೆ ನಾನು ಕುರ್ಚಿಯಿಂದ ಏಳಲಿಲ್ಲ.