ಅತ್ತೆಯ ಗಂಟು, ಮಾವನ ಶಿಳ್ಳೆ

ಕಿವಿಯ ಕೆಳಗೆ ಗಂಟು ಬೆಳೆಸಿಕೊಂಡಿದ್ದ ನನ್ನ ಸೋದರತ್ತೆಗೆ ಡಾಕ್ಟರು, "ಎಲ್ಲಿ, ಒಂದು ಶಿಳ್ಳೆ ಹೊಡೀರಮ್ಮ" ಅಂದರು. ಏನಾಯ್ತು, ಊಹಿಸಿ ನೋಡೋಣ? ಆಗಲಿಲ್ಲವೇ? ಬಿಡಿ, ನಾನೇ ಹೇಳ್ತೀನಿ. ರಿಟೈರಾದವನಿಗೆ ಇನ್ನೇನು ಕೆಲಸ! ನಮ್ಮ ಮನೆಯವರು ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಇಂಥದ್ದೊಂದು ಆಗದೆ ಇಳಿದದ್ದೇ ಇಲ್ಲ.

ಬಂಗಾರದ ಮದ್ದು

ಎಪ್ಪತ್ತರ ದಶಕ. ಅತ್ತೆ, ಮಾವ ಮಳವಳ್ಳಿ ಕಡೆಯ ಹಳ್ಳಿಯವರು. ನಾನು ಮಂಡ್ಯದ ಕಾಲೇಜಿನಲ್ಲಿ ಮೇಷ್ಟ್ರು. ಗಂಟು ಮೊದಲು ಹುಣಸೆಬೀಜದಷ್ಟಿತ್ತು. ಮಂಗನಬಾವು ಅಂತ ಊರವರು ತೀರ್ಮಾನಿಸಿ, ಅದಕ್ಕೆ ಮದ್ದೆಂದು ಕೊರಳಿಗೆ ಚಿನ್ನದ ಸರ ಹಾಕಿಸಿದರು. ಸರ ಪಕ್ಕದ ಮನೆಯಾಕೆಯದು. ವರ್ಷಗಳು ಕಳೆದು ಗಂಟು ನಿಂಬೆಹಣ್ಣಾಯಿತು. ಆಕೆ ಸರ ಕೇಳಿದಾಗಲೆಲ್ಲ ಅತ್ತೆ, "ಇನ್ನೂ ಇಳ್ದಿಲ್ಲ ಕಣವ್ವ, ತಡಿ" ಅನ್ನುತ್ತಿದ್ದಳು. ಕೊನೆಗೆ, ಆಸ್ಪತ್ರೆಗೆ ತೋರಿಸಿ ಅಂತ ನನಗೆ ಹೇಳಿಕಳಿಸಿದ್ದು ಆ ಪಕ್ಕದ ಮನೆಯಾಕೆಯೇ!

ಶಿಳ್ಳೆ

ಮಂಡ್ಯದ ಡಾಕ್ಟರು ಗಂಟನ್ನು ಬೆರಳಲ್ಲಿ ಆಡಿಸಿ ನೋಡಿದರು. "ಜೊಲ್ಲಿನ ಗ್ರಂಥಿಯ ಗೆಡ್ಡೆ. ಕ್ಯಾನ್ಸರ್ ಥರ ಕಾಣಲ್ಲ. ಆದರೂ ತೆಗೆಸಿಬಿಡಿ." ಮುಖ ಆಡಿಸುವ ನರ ಆ ಗ್ರಂಥಿಯಲ್ಲೇ ಹಾದುಹೋಗುತ್ತದಂತೆ. ಅದು ನೆಟ್ಟಗಿದೆಯೇ ಅಂತ ತಿಳಿಯಲು ಅತ್ತೆ ಹಲ್ಲು ತೋರಿಸಬೇಕು, ಶಿಳ್ಳೆ ಹೊಡೆಯಬೇಕು. ಅತ್ತೆ ಸೆರಗೆಳೆದುಕೊಂಡು ಎದ್ದೇಬಿಟ್ಟಳು.

"ಕಂಡೋರ್ ಗಂಡುಸ್ರ ಮುಂದೆ ಹಲ್ ಕಿರಿಯೋ ರೋಗ ನಂಗಿನ್ನೂ ಬಂದಿಲ್ಲ ಕಣಪ್ಪ!"

ಮಾವ ಅಡ್ಡ ಬಂದ. "ಅವಳ ಬದ್ಲು ನಾನ್ ಒಡೀತೀನಿ ಬುಡಿ ಸಾ." ಬೆರಳು ಬಾಯಿಗಿಟ್ಟು ಎಂಥಾ ಶಿಳ್ಳೆ ಹೊಡೆದನೆಂದರೆ, ಕಾಂಪೌಂಡರು ಸೂಜಿ ಹಿಡಿದುಕೊಂಡೇ ಓಡಿ ಬಂದ.

ಸೀರೆ

ನರಕ್ಕೆ ಪೆಟ್ಟಾದರೆ ಬಾಯಿ ವಾರೆಯಾಗಬಹುದು ಅಂತ ಹೇಳಿದ್ದರು. ಅತ್ತೆಗೆ ಕೇಳಿಸಿದ್ದು ಸಾವೊಂದೇ. ಸೀರೆಗಳನ್ನೆಲ್ಲ ಮದ್ದೂರಿನ ತಂಗಿಗೆ ಕೊಟ್ಟು ಆಪರೇಷನ್ನಿಗೆ ಮೈಸೂರಿಗೆ ಹೊರಟಳು. ಬಸ್ಸಿನಲ್ಲಿ ಮಾವ ಕಿಟಕಿ ಕಡೆ ತಿರುಗಿ ದಾರಿಯುದ್ದ ಕಣ್ಣೊರೆಸಿಕೊಂಡ. ತೆಗೆದ ಗೆಡ್ಡೆ ಪರೀಕ್ಷೆಗೆ ಹೋಗಿ, 'ಅಪಾಯದ್ದಲ್ಲ' ಅಂತ ಬಂತು. ಅದನ್ನು ಕೇಳಿ ಅತ್ತೆ, "ಅಯ್ಯೋ, ಈಗ ಉಟ್ಕಳಕ್ಕೆ ಏನ್ಲಾ ಮಾಡ್ಲಿ?" ಅಂದಳು.

ಸೀದ ಸಾರು

ಅಷ್ಟೇ ಅವಳ ಮಾತು. ಬಾಯಿಯ ಎಡತುದಿ ಇಳಿಬಿದ್ದಿತ್ತು. "ನರ ಉಳಿದಿದೆ, ಆದರೆ ನೊಂದಿದೆ. ಸರಿಹೋಗಬಹುದು, ಹೋಗದೆಯೂ ಇರಬಹುದು" ಅಂದರು ಡಾಕ್ಟರು. ಕನ್ನಡಿಯಲ್ಲಿ ಅದನ್ನು ಕಂಡ ಅತ್ತೆ ಊರಿಗೆ ಬಂದು ಮುಖಕ್ಕೆ ಸೆರಗು ಮುಚ್ಚಿ, ಗೋಡೆ ಕಡೆ ತಿರುಗಿ ಕೂತಳು. ಇಡೀ ಕೇರಿಗೆ ಬೈಗುಳ ಹಂಚುತ್ತಿದ್ದ ಬಾಯಿ! ಮನೆಗೆ ಸೂತಕ ಕವಿದ ಹಾಗಾಯಿತು. ಮಾವ ಅರ್ಧ ಇಳಿದುಹೋದ.

ಹಬ್ಬಕ್ಕೆ ನಾನು ಹೋಗಿದ್ದೆ. ಮಾವ ಮಾಂಸ ತಂದು ತಾನೇ ಬಾಡಿನ ಸಾರಿಗಿಟ್ಟು ತಳ ಹತ್ತಿಸಿದ. ವಾಸನೆ ಮೂಗಿಗೆ ಬಡಿದದ್ದೇ ಸೆರಗು ಜಾರಿತು.

"ಮೂದೇವಿ! ಬಾಡೆಲ್ಲ ಸೀಯುಸ್ಬುಟ್ಯಲ್ಲ, ಕಣ್ಣೇನ್ ಒಲೆಗಾಕಿದ್ಯಾ?"

ಬಾಯಿ ವಾರೆಯೇ ಇತ್ತು. ಮಾವ ಸೌಟು ಹಿಡಿದೇ ಗೊಳೋ ಅಂತ ಅತ್ತ. "ಬಯ್ಯಿ ಕಣೆ, ಇನ್ನೂ ಬಯ್ಯಿ!"

"ಯಾಕ್ ಮಾವ ಅಳ್ತೀರಿ?" ಅಂದೆ.

"ಸುಮ್ನಿರ್ಲಾ! ಇವತ್ತು ಏನಾಯ್ತದೋ ವರ್ಸೆಲ್ಲಾ ಅದೇ ಆಗೋದು. ಇವತ್ತು ಬೈಸ್ಕಂಡ್ರೆ, ವರ್ಸೆಲ್ಲಾ ಬಯ್ಯಕ್ಕೆ ಇವ್ಳು ಇರ್ತಾಳೆ ಕಣ್ಲಾ!"

ಅವತ್ತು ಯುಗಾದಿಯ ಮಾರನೇ ದಿನ, ವರ್ಷತೊಡಕು.